ಜರ್ಮನಿಯ ಕಾರ್ಖಾನೆಯಲ್ಲಿ ಮೈಸ್ಟರ್ ಮಾತಿಗೆ ಯಾಕಷ್ಟು ಬೆಲೆ?

ಇಲ್ಲಿ ಎಂಎಸ್ ಮುಗಿಸಿ ಕಾರ್ಖಾನೆ ಸೇರುವ ನಮ್ಮ ಇಂಜಿನಿಯರುಗಳಿಗೆ ಮೊದಲ ಅಚ್ಚರಿ ಇದೇ. ಮೈಸ್ಟರ್ ಅಂದರೆ ಕಸುಬು ಕಲಿತು, ಆಮೇಲೆ ಅದರ ಮೇಲಿನ ಪರೀಕ್ಷೆಯನ್ನೂ ಪಾಸಾದ ನುರಿತ ಕೆಲಸಗಾರ. ಕಾಲೇಜು ಮೆಟ್ಟಿಲು ಹತ್ತದ ಈ ಮೈಸ್ಟರ್ 'ಈ ಡ್ರಾಯಿಂಗ್ ನಡೆಯಲ್ಲ' ಅಂದರೆ ಡ್ರಾಯಿಂಗೇ ಬದಲಾಗುತ್ತದೆ. ಬೇಜಾರು ಮಾಡಿಕೊಳ್ಳಬೇಡಿ. ಸರ್ಕಾರದ ಲೆಕ್ಕದಲ್ಲೂ ಮೈಸ್ಟರ್ ಅರ್ಹತೆ, ಬ್ಯಾಚುಲರ್ ಡಿಗ್ರಿ ಎರಡೂ ಒಂದೇ ಮಟ್ಟ.

ಇದರ ಬುಡ ಇರುವುದು ಔಸ್‌ಬಿಲ್ಡುಂಗ್ ಅನ್ನುವ ವೃತ್ತಿ ತರಬೇತಿಯಲ್ಲಿ. ಶಾಲೆ ಮುಗಿಸಿದವರು ಕಂಪನಿ ಜೊತೆ ಕರಾರು ಮಾಡಿಕೊಂಡು 2ರಿಂದ 3.5 ವರ್ಷ ಕೆಲಸ ಕಲಿಯುತ್ತಾರೆ. ವಾರದಲ್ಲಿ ಮೂರ್ನಾಲ್ಕು ದಿನ ಕಂಪನಿ, ಉಳಿದ ದಿನ ವೃತ್ತಿ ಶಾಲೆ. ಕೈಗೆ ಸಂಬಳವೂ ಬರುತ್ತದೆ. ಕೊನೆಯ ಪರೀಕ್ಷೆ ನಡೆಸುವುದು ಚೇಂಬರ್, ಅಂದರೆ ಆ ಭಾಗದ ಉದ್ಯಮಗಳ ಮಂಡಳಿ, ಕಂಪನಿಯಲ್ಲ. ಹಾಗಾಗಿ ಆ ಸರ್ಟಿಫಿಕೇಟ್ ದೇಶದಲ್ಲೆಲ್ಲ ನಡೆಯುತ್ತದೆ. ಇಂಥವರು ಲೈನ್‌ನಲ್ಲಿದ್ದರೆ, ಮೆಷಿನ್ ಕೆಟ್ಟಾಗ ಇಂಜಿನಿಯರ್ ಬರಲಿ ಅಂತ ಕಾಯುತ್ತಾ ಕೂರುವುದು ಕಡಿಮೆ.

ಇನ್ನು ಸಂಶೋಧನೆ. ಐವತ್ತು ಜನರ ಕಂಪನಿ ಸ್ವಂತ ಲ್ಯಾಬ್ ಎಲ್ಲಿಂದ ತರಬೇಕು? ಅದಕ್ಕೇ 1950ರ ದಶಕದಿಂದ ಉದ್ಯಮಗಳ ಜಂಟಿ ಸಂಶೋಧನೆ ನಡೆದುಕೊಂಡು ಬಂದಿದೆ. ಒಂದೇ ಕಸುಬಿನ ಕಂಪನಿಗಳು, ಎದುರಾಳಿಗಳೂ ಸೇರಿ, ಎಲ್ಲರನ್ನೂ ಕಾಡುವ ತೊಂದರೆಯನ್ನು ಮುಂದಿಡುತ್ತವೆ. ಬೆಸುಗೆ ಯಾಕೆ ಬಿರುಕು ಬಿಡುತ್ತದೆ, ಗೇರ್ ಯಾಕೆ ಬೇಗ ಸವೆಯುತ್ತದೆ, ಇಂಥವು. ವಿಶ್ವವಿದ್ಯಾಲಯಗಳು, ಸಂಶೋಧನಾ ಸಂಸ್ಥೆಗಳು ಕೆಲಸ ಮಾಡುತ್ತವೆ, ಕೇಂದ್ರ ಸರ್ಕಾರ ದುಡ್ಡು ಕೊಡುತ್ತದೆ, ಫಲಿತಾಂಶ ಎಲ್ಲರಿಗೂ ಸಿಗುತ್ತದೆ. ಪೈಪೋಟಿ ಏನಿದ್ದರೂ ಆಮೇಲೆ, ಮಾಲು ಮಾಡಿ ಮಾರುವಾಗ. ಗುಟ್ಟಾಗಿ ಇಟ್ಟುಕೊಳ್ಳಬೇಕಾದ ಕೆಲಸವಿದ್ದರೆ, ಫೀಸು ಕೊಟ್ಟು ಫ್ರೌನ್‌ಹೋಫರ್‌ನಂಥ ಸಂಶೋಧನಾ ಸಂಸ್ಥೆಯಲ್ಲಿ ಮಾಡಿಸಬಹುದು.

ಆದರೆ ವರದಿ ಬಂದ ಮಾತ್ರಕ್ಕೆ ಉತ್ಪಾದನೆ ಏರುವುದಿಲ್ಲ, ಅಲ್ವಾ? ಅದನ್ನು ಓದಿ ಮೆಷಿನ್ನಿನ ಸೆಟ್ಟಿಂಗ್‌ಗೆ ಇಳಿಸುವವರು ಬೇಕು. ನನ್ನ ಪ್ರಕಾರ ಜರ್ಮನಿಯ ಸಣ್ಣ ಕಂಪನಿಗಳ ಬಲ ಇರುವುದು ಇಲ್ಲೇ. ಜಂಟಿ ಸಂಶೋಧನೆಯ ಸಮಿತಿಗಳಲ್ಲಿ ಕಂಪನಿಯವರೂ ಕೂರುತ್ತಾರೆ. 'ನನ್ನನ್ನೂ ಕಳಿಸಿ' ಅಂತ ಬಾಸ್‌ಗೆ ಕೇಳಿ. ಹೋಗುವ ಮುಂಚೆ ಮೈಸ್ಟರ್ ಜೊತೆ ಒಂದು ಕಾಫಿ ಕುಡಿಯಿರಿ, ಅಸಲಿ ತೊಂದರೆಗಳ ಪಟ್ಟಿ ಅವರ ಹತ್ತಿರ ಇರುತ್ತದೆ.

ಇನ್ನೆರಡು ವಿಷಯ. ಹೆಚ್ಚಿನ ರಾಜ್ಯಗಳಲ್ಲಿ ಕಲಿಕೆಗೆಂದೇ ವರ್ಷಕ್ಕೆ 5 ದಿನ ಸಂಬಳ ಸಹಿತ ರಜೆ ಕೇಳಬಹುದು. ಮ್ಯೂನಿಕ್‌ನವರು ಸುಮ್ನೆ ಆಸೆ ಪಡಬೇಡಿ, ನಿಮ್ಮ ಬವೇರಿಯಾ ರಾಜ್ಯದಲ್ಲಿ ಆ ಕಾನೂನಿಲ್ಲ. ಕೆಲಸದ ನಡುವೆ ಪೇಟೆಂಟ್ ಆಗುವಂಥದ್ದು ಹೊಳೆದರೆ ತಡಮಾಡದೆ ಬರವಣಿಗೆಯಲ್ಲಿ ಕಂಪನಿಗೆ ತಿಳಿಸಿ. 4 ತಿಂಗಳೊಳಗೆ ಅವರು ಬಿಟ್ಟುಕೊಡದಿದ್ದರೆ ಹಕ್ಕು ಅವರದ್ದಾಗುತ್ತದೆ. ಅದಕ್ಕೆ ತಕ್ಕ ಹಣವನ್ನು ಅವರು ನಿಮಗೆ ಕೊಡಬೇಕು. 1957ರ ಕಾನೂನು ಅದು, ವಿದೇಶಿ ಉದ್ಯೋಗಿಗೂ ಅನ್ವಯ.