ಐತಿಹಾಸಿಕ ಧಾರಾವಾಹಿಗೆ ಹಂಪಿಯ ಬಜಾರು ಕಾಂಪೋಸಿಟ್ ಮಾಡುವುದು ಹೇಗೆ

ಕೃಷ್ಣದೇವರಾಯನ ಕಾಲದ ಧಾರಾವಾಹಿ ಅಂದುಕೊಳ್ಳಿ. ಸೆಟ್‌ನಲ್ಲಿ ಇರುವುದು ಎರಡು ಅಂಗಡಿ, ಒಂದಿಷ್ಟು ಮಣ್ಣು, ಹಿಂದೆಲ್ಲ ಹಸಿರು ಬಟ್ಟೆ. ತೆರೆ ಮೇಲೆ ಮಾತ್ರ ವಿರೂಪಾಕ್ಷ ಬಜಾರು ಪೂರ್ತಿ ಕಾಣಬೇಕು, ತುದಿಯಲ್ಲಿ ಗೋಪುರವೂ ಇರಬೇಕು. ಹೀಗೆ ಬೇರೆ ಬೇರೆ ಚಿತ್ರಗಳನ್ನು ಒಂದೇ ಶಾಟ್ ಆಗಿ ಕೂಡಿಸುವುದೇ ಕಾಂಪೋಸಿಟ್. ಇಂಥ ಶಾಟ್ ಕೈಗೆ ಬಂದ ತಕ್ಷಣ ಗೋಪುರದ ಚೆಂದದ ಫೋಟೋ ಹುಡುಕುತ್ತಾ ಕೂರಬೇಡಿ. ಮೊದಲು ಬೆಳಕು ಎಲ್ಲಿಂದ ಬಿದ್ದಿದೆ ನೋಡಿ.

ಆ ಬೀದಿ ಪೂರ್ವ ಪಶ್ಚಿಮವಾಗಿದೆ. ಗೋಪುರ ಪಶ್ಚಿಮದ ತುದಿಯಲ್ಲಿ ಪೂರ್ವಕ್ಕೆ ಮುಖ ಮಾಡಿ ನಿಂತಿದೆ. ಅಂದರೆ ಬೆಳಿಗ್ಗೆ ಬಿಸಿಲು ಅದರ ಎದುರಿಗೆ ಬೀಳುತ್ತದೆ, ಸಂಜೆ ಸೂರ್ಯ ಅದರ ಬೆನ್ನಿಗೆ ಹೋಗಿ ಗೋಪುರ ಕಪ್ಪಗಾಗುತ್ತದೆ. ಗೋಪುರದ ಕಡೆಯಿಂದ ಕ್ಯಾಮೆರಾದತ್ತ ನಡೆದು ಬರುವ ನಟನ ಭುಜಕ್ಕೆ ಹಿಂದಿನಿಂದ ಲೈಟ್ ಕೊಟ್ಟು ಶೂಟ್ ಮಾಡಿದ್ದರೆ ಅದು ಸಂಜೆಯ ಶಾಟ್. ಅಲ್ಲಿ ಬೆಳಗಿನ ಹೊಳೆಯುವ ಗೋಪುರ ಅಂಟಿಸಿದರೆ ಎಷ್ಟು ನೀಟಾಗಿ ಕೀ ಮಾಡಿದರೂ (ಅಂದರೆ ಹಸಿರು ಬಟ್ಟೆಯನ್ನು ಚಿತ್ರದಿಂದ ತೆಗೆದರೂ) ಸುಳ್ಳು ಅನ್ನಿಸುತ್ತದೆ.

ಇನ್ನೊಂದು ವಿಷಯ, ಇದನ್ನು ದಯವಿಟ್ಟು ಗಂಭೀರವಾಗಿ ತೆಗೆದುಕೊಳ್ಳಿ. ಇವತ್ತಿನ ಹಂಪಿ ಪಾಳುಬಿದ್ದ ಊರು, ಅವತ್ತಿನದು ಬಾಳುತ್ತಿದ್ದ ಊರು. ರಾಯ ಪಟ್ಟಕ್ಕೆ ಬಂದದ್ದು 1509ರಲ್ಲಿ, ವಿರೂಪಾಕ್ಷ ದೇವಸ್ಥಾನದ ರಂಗಮಂಟಪ ಆಗಿದ್ದು 1510ರಲ್ಲಿ. ಹಾಗಾಗಿ ಕಥೆಯೊಳಗೆ ಆ ಕಂಬಗಳು ಹೊಚ್ಚ ಹೊಸವು! ಫೋಟೋದಲ್ಲಿರುವ ಮಳೆನೀರಿನ ಕಪ್ಪು ಗೆರೆ, ಪಾಚಿ, ಒಡೆದ ಅಂಚು ಎಲ್ಲ ಪೇಂಟ್ ಮಾಡಿ ತೆಗೆಯಿರಿ. ವಿಠ್ಠಲ ದೇವಸ್ಥಾನದ ಕಲ್ಲಿನ ರಥ ಹಾಕುವುದಾದರೆ ಹಂಪಿಯ ಹಳೆಯ ಫೋಟೋಗಳನ್ನು ತೆಗೆದ ಗ್ರೀನ್‌ಲಾ ಎಂಬಾತನ 1856ರ ಫೋಟೋ ನೋಡಿ, ರಥದ ಮೇಲೆ ಇಟ್ಟಿಗೆಯ ಶಿಖರ ಇದೆ. ಈಗ ಅದಿಲ್ಲ, ಆದರೆ ನಿಮ್ಮ ಶಾಟ್‌ನಲ್ಲಿ ಇರಬೇಕು ಅಲ್ವಾ?

ಈಗ ಕೀಯಿಂಗ್. ತೋರಣ, ಬಾಳೆಕಂದು, ಹಸಿರು ಸೀರೆ ಇರುವ ದೃಶ್ಯಕ್ಕೆ ನೀಲಿ ಬಟ್ಟೆ ಕಟ್ಟಿ ಅಂತ ಶೂಟಿಂಗ್‌ಗೆ ಮುಂಚೆಯೇ ಹೇಳಿಬಿಡಿ. ಹಸಿರು ಬಟ್ಟೆಯಲ್ಲೇ ಶೂಟ್ ಆಗಿದ್ದರೆ ಜಾಸ್ತಿ ಕಾಟ ಕೊಡುವುದು ಒಡವೆ. ಉದಾಹರಣೆಗೆ ಚಿನ್ನದ ಸರದ ಒಂದು ಪಿಕ್ಸೆಲ್‌ನಲ್ಲಿ ಕೆಂಪು 200, ಹಸಿರು 160, ನೀಲಿ 60 ಇದೆ ಅನ್ನಿ. ಹಸಿರನ್ನು ಕೆಂಪು ನೀಲಿಗಳ ಸರಾಸರಿಗೆ ಇಳಿಸುವ ಡಿಸ್ಪಿಲ್ (ಬಟ್ಟೆಯಿಂದ ನಟನ ಮೇಲೆ ಬಿದ್ದ ಹಸಿರು ಛಾಯೆ ತೆಗೆಯುವ ಕ್ರಮ) ಹಾಕಿದರೆ 160 ಇದ್ದದ್ದು 130 ಆಗುತ್ತದೆ, ಚಿನ್ನ ಹೋಗಿ ತಾಮ್ರ ಆಗುತ್ತದೆ. ಒಡವೆಗೆ ಬೇರೆ ರೋಟೋ ಮಾಡಿ (ಫ್ರೇಮ್ ಫ್ರೇಮ್‌ಗೂ ಅದರ ಸುತ್ತ ಗೆರೆ ಎಳೆದು ಬೇರ್ಪಡಿಸಿ), ಅಲ್ಲಿ ಡಿಸ್ಪಿಲ್ ಕಡಿಮೆ ಇಡಿ. ಕೂದಲಿಗೆ ಒಂದು ಮೃದುವಾದ ಕೀ, ಮೈಗೆ ಒಂದು ಗಟ್ಟಿಯಾದ ಕೀ, ಎರಡನ್ನೂ ಸೇರಿಸಿ. ಒಂದೇ ಕೀಯಲ್ಲಿ ಎಲ್ಲ ಮುಗಿಸಲು ಹೋದರೆ ಮುಡಿದ ಮಲ್ಲಿಗೆಯ ಅಂಚು ಕತ್ತರಿಸಿ ಹೋಗುತ್ತದೆ.

ನಟನನ್ನು ಹಿನ್ನೆಲೆಯ ಮೇಲೆ ಕೂರಿಸಿದ ಮೇಲೆ ಎರಡರ ಕಪ್ಪು ಹೊಂದಿಸಿ. ಇಡೀ ಕೆಲಸದಲ್ಲಿ ಇದಕ್ಕೇ ಹೆಚ್ಚು ಸಮಯ ಕೊಡಿ ಅನ್ನುತ್ತೇನೆ. ದೂರದ ಗೋಪುರದ ನೆರಳು ಹತ್ತಿರದ ನಟನ ಕೂದಲಿನಷ್ಟು ಕಪ್ಪಗಿರುವುದಿಲ್ಲ, ನಡುವೆ ಗಾಳಿ ಇದೆ, ಗಾಡಿ ದನ ಎಬ್ಬಿಸಿದ ಧೂಳಿದೆ. ದೂರ ಹೋದಷ್ಟೂ ಕಪ್ಪನ್ನು ಸ್ವಲ್ಪ ಮೇಲೆತ್ತಿ, ಧೂಳಿನ ಬಣ್ಣ ತುಸು ಬೆರೆಸಿ. ವ್ಯೂವರ್‌ನ (ಸಾಫ್ಟ್‌ವೇರ್‌ನಲ್ಲಿ ಚಿತ್ರ ನೋಡುವ ಕಿಟಕಿಯ) ಗಾಮಾ, ಅಂದರೆ ನಡುಛಾಯೆಗಳ ಹೊಳಪು, ಪೂರ್ತಿ ಏರಿಸಿ ಒಮ್ಮೆ, ಇಳಿಸಿ ಒಮ್ಮೆ ನೋಡಿ, ಎಲ್ಲಿ ಅಂಟಿಸಿದ್ದು ಅಂತ ತಾನಾಗಿಯೇ ಗೊತ್ತಾಗುತ್ತದೆ. ನ್ಯೂಕ್ (ಕಾಂಪೋಸಿಟ್ ಮಾಡುವ ಸಾಫ್ಟ್‌ವೇರ್) ಇಲ್ಲದವರು ಸುಮ್ನೆ ಚಿಂತೆ ಮಾಡಬೇಡಿ, ಡಾವಿಂಚಿ ರಿಸಾಲ್ವ್ ಎಂಬ ಎಡಿಟಿಂಗ್ ಸಾಫ್ಟ್‌ವೇರ್‌ನ ಉಚಿತ ಆವೃತ್ತಿಯಲ್ಲೇ ಕಾಂಪೋಸಿಟ್ ಮಾಡುವ ಫ್ಯೂಷನ್ ವಿಭಾಗ ಇದೆ, ಇಷ್ಟೆಲ್ಲ ಅದರಲ್ಲೂ ಆಗುತ್ತದೆ.

ಕ್ಲೀನಪ್‌ನಲ್ಲಿ (ಆ ಕಾಲಕ್ಕೆ ಸೇರದ್ದನ್ನು ಅಳಿಸುವಾಗ) ಕರೆಂಟ್ ತಂತಿ, ವಾಚ್ ಕಟ್ಟಿದ ಗುರುತು ಎಲ್ಲರ ಕಣ್ಣಿಗೂ ಬೀಳುತ್ತವೆ. ತಪ್ಪಿಹೋಗುವುದು ಸೈನಿಕರ ಎಡತೋಳಿನ ಬಿಸಿಜಿ ಲಸಿಕೆಯ ಕಲೆ. ಪಕ್ಕದ ಚರ್ಮದಿಂದ ಒಂದು ಪ್ಯಾಚ್ ಮಾಡಿ ತೋಳಿಗೆ ಟ್ರ್ಯಾಕ್ ಮಾಡಿ (ತೋಳು ಆಡಿದಂತೆ ಪ್ಯಾಚೂ ಆಡುವ ಹಾಗೆ) ಕೂರಿಸಿ.

ಗ್ರೇನ್, ಅಂದರೆ ಚಿತ್ರದ ಮೇಲಿನ ಸಣ್ಣ ಕಣಕಣ, ಕೊನೆಗೆ. ಪೇಂಟ್ ಮಾಡಿದ ಆಕಾಶಕ್ಕೆ ಗ್ರೇನ್ ಹಾಕದೆ ಬಿಟ್ಟರೆ ಪ್ರಸಾರದ ಕಂಪ್ರೆಷನ್‌ನಲ್ಲಿ ಪಟ್ಟೆ ಪಟ್ಟೆಯಾಗಿ ಕಾಣುತ್ತದೆ. ಆದ್ದರಿಂದ ರೆಂಡರ್ ಆದ ಫೈಲನ್ನು ಒಳ್ಳೆಯ ಮಾನಿಟರ್‌ನಲ್ಲಷ್ಟೇ ನೋಡಿ ಕಳಿಸಬೇಡಿ, ಚೆನ್ನಾಗಿ ಕುಗ್ಗಿಸಿ ಒಂದು ಸಾಧಾರಣ ಟಿವಿಯಲ್ಲೂ ಒಂದು ಫೋನಿನಲ್ಲೂ ಹಾಕಿ ನೋಡಿ, ಆಮೇಲೆ ಎಡಿಟರ್‌ಗೆ ಕೊಡಿ.