ಡಿಟಿಎಸ್ ನನ್ನನ್ನು ಮಂಗ ಮಾಡಿದ್ದು

ನಮ್ಮದು ಬದಿಯಡ್ಕದಿಂದ ಸ್ವಲ್ಪ ಒಳಗೆ, ಅಡಿಕೆ ತೋಟದ ಮಧ್ಯ ಹಂಚಿನ ಮನೆ. ಇಲ್ಲಿ ಹೋಂ ಥಿಯೇಟರ್ ಎಂತಕ್ಕೆ ಅಂತ ಕೇಳದವರೇ ಇಲ್ಲ. ಮಂಗಳೂರಲ್ಲಿ ಒಬ್ರು ಮನೆ ಖಾಲಿ ಮಾಡುವಾಗ ಕಡಿಮೆಗೆ ಕೊಟ್ಟ ಹಳೆ ರಿಸೀವರ್ (ಡಿಸ್ಕಿನ ಸ್ವರ ಬಿಡಿಸಿ ಸ್ಪೀಕರಿಗೆ ಕೊಡುವ ಪೆಟ್ಟಿಗೆ), ಐದು ಸ್ಪೀಕರ್, ಒಂದು ಸಬ್‌ವೂಫರ್, ಡಿವಿಡಿ ಪ್ಲೇಯರಿಂದ ಒಂದು ಆಪ್ಟಿಕಲ್ ಕೇಬಲ್, ಇಷ್ಟೇ. ಸಿನಿಮಾದ ಸ್ವರವನ್ನು ಕುಗ್ಗಿಸಿ ಡಿಸ್ಕಲ್ಲಿ ತುಂಬಿಸುವ ಎರಡು ಬಗೆ ಡಾಲ್ಬಿ, ಡಿಟಿಎಸ್, ಎರಡೂ ಟ್ರ್ಯಾಕ್ ಇದ್ರೆ ನಾನು ಯೋಚನೆ ಮಾಡದೆ ಡಿಟಿಎಸ್ ಒತ್ತುದು, ಹತ್ತು ವರ್ಷ ಹಾಗೇ, ಬಂದವರಿಗೆಲ್ಲ ಡೆಮೋ ಹಾಕಿ "ಡಾಲ್ಬಿ ನೋಡಿ ಹೇಗೆ ಸಪ್ಪೆ, ಡಿಟಿಎಸ್ ಎದೆಗೇ ಗುದ್ದುತ್ತದೆ" ಅಂತ ಭಾಷಣ ಬೇರೆ.

ಭಾಷಣಕ್ಕೆ ಲೆಕ್ಕವೂ ಇತ್ತು ಮಾರಾಯ್ರೆ. ಡಿವಿಡಿಯಲ್ಲಿ ಡಾಲ್ಬಿ ಡಿಜಿಟಲ್ ಹೆಚ್ಚಂದ್ರೆ 448 ಕೆಬಿಪಿಎಸ್ (ಸೆಕೆಂಡಿಗೆ ಇಷ್ಟು ಸಾವಿರ ಬಿಟ್), ಎಷ್ಟೋ ಡಿಸ್ಕಲ್ಲಿ 384 ಮಾತ್ರ. ಡಿಟಿಎಸ್ ಪೂರ್ತಿ ರೇಟಾದ್ರೆ 1509, ಅರ್ಧ ರೇಟಾದ್ರೆ 754. ಎರಡೂವರೆ ಗಂಟೆ ಸಿನಿಮಾಕ್ಕೆ 448ರಲ್ಲಿ ಸುಮಾರು 500 ಎಂಬಿ ಸಾಕು, 1509ಕ್ಕೆ 1.7 ಜಿಬಿ ಹೋಗ್ತದೆ, ಡಿಸ್ಕಲ್ಲಿ ಇರುದೇ 8.5 ಜಿಬಿ, ಅಷ್ಟು ಜಾಗ ಚಿತ್ರದಿಂದ ಕಿತ್ಕೊಳ್ಬೇಕು, ಹಾಗಾಗಿ ಅರ್ಧ ರೇಟಿಂದೇ ಜಾಸ್ತಿ ಸಿಗುದು. ಮೂರು ಪಾಲು ಬಿಟ್ ಇದ್ದದ್ದು ಮೂರು ಪಾಲು ಒಳ್ಳೇದಿರ್ಬೇಕಲ್ಲ ಅಂತ ನನ್ನ ತರ್ಕ. ಆದ್ರೆ ಎರಡರ ಕೆಲಸವೇ ಬೇರೆ. ಡಾಲ್ಬಿ ಕಿವಿಗೆ ಹೇಗೂ ಕೇಳದ್ದನ್ನೆಲ್ಲ ಧಾರಾಳ ಬಿಸಾಡ್ತದೆ, ಬೇಕಾದ್ರೆ ಕೀಚಲು ಸ್ವರಗಳನ್ನು ಚಾನೆಲ್‌ಗಳ (ಒಂದೊಂದು ಸ್ಪೀಕರಿಗೆ ಹೋಗುವ ಸ್ವರ) ಮಧ್ಯ ಹಂಚಿಕೊಳ್ತದೆ. ಡಿಟಿಎಸ್ ಸ್ವರವನ್ನು ತಗ್ಗಿಂದ ಕೀಚಲಿನವರೆಗೆ 32 ಪಟ್ಟಿಯಾಗಿ ಸೀಳಿ, ಮುಂದೆ ಎಂತ ಬರ್ತದೆ ಅಂತ ಅಂದಾಜು ಹಾಕಿ, ಅಂದಾಜಿಗೂ ನಿಜಕ್ಕೂ ಇರುವ ವ್ಯತ್ಯಾಸ ಮಾತ್ರ ಬರೆದಿಡ್ತದೆ, ಆ ದಾರಿಗೆ ಬಿಟ್ ಜಾಸ್ತಿಯೇ ಬೇಕು. ಬರೀ ನಂಬರ್ ಹೋಲಿಸುದಂದ್ರೆ ಹಣ್ಣಡಿಕೆಯನ್ನೂ ಒಣಗಿಸಿ ಸುಲಿದ ಚಾಲಿಯನ್ನೂ ಕಿಲೋ ಲೆಕ್ಕದಲ್ಲಿ ತೂಗಿದ ಹಾಗೆ.

ಇದು ತಲೆಗೆ ಹೋದದ್ದು ಅಕ್ಕನ ಮಗನಿಂದ. ರಜೆಗೆ ಬಂದವ ಡೆಮೋ ಕೇಳಿ, "ಮಾವ, ಡಾಲ್ಬಿ ಹಾಕುವಾಗ ಡಿಸ್ಪ್ಲೇಲಿ ಡಯಲಾಗ್ ನಾರ್ಮ್ ಮೈನಸ್ ನಾಲ್ಕು ಅಂತ ಬರ್ತದಲ್ಲ, ಅದೆಂತ?" ಅಂದ. ಇಷ್ಟು ವರ್ಷ ನಾನು ಅದನ್ನು ಓದಿದ್ದೇ ಇಲ್ಲ!

ಡಾಲ್ಬಿ ಟ್ರ್ಯಾಕಿನ ಒಳಗೆ ಮಾತಿನ ಮಟ್ಟ ಎಷ್ಟು ಅಂತ ಒಂದು ನಂಬರ್ ಇರ್ತದೆ. ಮೈನಸ್ 31 ಇದ್ರೆ ಎಂತ ಮಾಡುದಿಲ್ಲ, ಮೈನಸ್ 27 ಇದ್ರೆ ರಿಸೀವರಿನ ಒಳಗೆ ಟ್ರ್ಯಾಕ್ ಬಿಡಿಸುವ ಡಿಕೋಡರ್ ಎಲ್ಲಾ ಚಾನೆಲನ್ನೂ ಒಟ್ಟಿಗೆ 4 ಡಿಬಿ (ಡೆಸಿಬೆಲ್, ಸ್ವರದ ಜೋರಿನ ಅಳತೆ) ಇಳಿಸ್ತದೆ. ನನ್ನ ಹತ್ರ ಇದ್ದ ಡಿಟಿಎಸ್ ಟ್ರ್ಯಾಕಲ್ಲಿ ಹೀಗೆ ಇಳಿಸುದು ಆಗ್ತಿರ್ಲಿಲ್ಲ. ಹಾಗಾದ್ರೆ ಇಷ್ಟು ದಿನ ನಾನು ಹೋಲಿಸಿದ್ದು ಫಾರ್ಮ್ಯಾಟನ್ನಲ್ಲ, ವಾಲ್ಯೂಮನ್ನು. 4 ಡಿಬಿ ಕಿವಿಗೆ ಬರೇ ಜೋರು ಅಂತ ಕೇಳುದೂ ಇಲ್ಲ ನೋಡಿ, ಕ್ಲಿಯರ್, ಬಾಸ್ ಗಟ್ಟಿ ಅಂತಲೇ ಅನಿಸುದು.

ಸರಿ, ಸಮ ಮಾಡುವ ಅಂತ ಕೂತೆವು. ರಿಸೀವರಿನ ಟೆಸ್ಟ್ ಟೋನ್ ಇದಕ್ಕೆ ಪ್ರಯೋಜನ ಇಲ್ಲ, ಅದು ಡಿಸ್ಕಿನ ಟ್ರ್ಯಾಕಿಂದ ಬರುದೇ ಅಲ್ಲ. ಒಂದೇ ಮಾತಿನ ಸೀನನ್ನು ಎರಡು ನಿಮಿಷ ಹಾಕಿ, ನಾನು ಕೂರುವ ಜಾಗದಲ್ಲಿ ಫೋನಿನ ಮೀಟರ್ ಆ್ಯಪ್ ಇಟ್ಟು ಸರಾಸರಿ ನೋಡಿದ್ದು, ನಾಲ್ಕರ ಹತ್ರವೇ ಬಂತು. ರಿಸೀವರಿನ ನೈಟ್ ಮೋಡ್ (ಜೋರಿಗೂ ಮೆಲ್ಲಗೂ ಇರುವ ಅಂತರ ಕಡಿಮೆ ಮಾಡುವಂಥದ್ದು) ಕೂಡ ಆಫ್ ಮಾಡ್ಬೇಕು, ನಮ್ಮದರಲ್ಲಿ ಅದು ಆನ್ ಇತ್ತು, ಎಷ್ಟು ವರ್ಷದಿಂದ ಅಂತ ದೇವರಿಗೇ ಗೊತ್ತು. ಆಟಿ ತಿಂಗಳು, ಹಂಚಿನ ಮೇಲೆ ಮಳೆ ಬಿದ್ರೆ ಯಾವ ಫಾರ್ಮ್ಯಾಟೂ ಇಲ್ಲ, ಎರಡು ಸಲ ಅರ್ಧಕ್ಕೆ ಬಿಟ್ಟು ರಾತ್ರಿ ಹನ್ನೊಂದಕ್ಕೆ ಪುನಃ ಶುರು ಮಾಡಿದೆವು.

ಯಾವ ಟ್ರ್ಯಾಕ್ ಅಂತ ಕಾಣದ ಹಾಗೆ ಡಿಸ್ಪ್ಲೇಗೆ ಟೇಪ್ ಅಂಟಿಸಿ ಅಳಿಯನ ಕೈಗೆ ರಿಮೋಟ್ ಕೊಟ್ಟೆ, ಕೇಳಿ ಹೇಳುದು ನಾನು. ಮೊದಲ ಹತ್ತರಲ್ಲಿ ಒಂಬತ್ತು ಸರಿ ಹೇಳಿದೆ! ನಾನು ಉಬ್ಬಿ ಹೋದೆ. ಅವನಿಗೆ ಸಂಶಯ. "ಮಾವ, ನೀವು ಸಿನಿಮಾ ಕೇಳುದಲ್ಲ, ಟಕ್ ಕೇಳುದು" ಅಂದ. ಹೌದು, ಡಿಟಿಎಸ್ಸಿಗೆ ಬದಲಾಗುವಾಗ ಒಳಗೆ ರಿಲೇ ಟಕ್ ಅಂತದೆ, ಸ್ವರವೂ ಅರ್ಧ ಸೆಕೆಂಡ್ ತಡ. ಆಮೇಲೆ ಅವ ಪ್ರತಿ ಸಲವೂ ಬೇರೆ ಇನ್‌ಪುಟ್ಟಿಗೆ ಹೋಗಿ ಬಂದು, ರಿಸೀವರ್ ಟ್ರ್ಯಾಕ್ ಹಿಡ್ಕೊಳ್ಳುವವರೆಗೆ ಮ್ಯೂಟಲ್ಲೇ ಬಿಟ್ಟು, ವಾಲ್ಯೂಮನ್ನೂ ಅವನೇ ಸರಿ ಮಾಡಿ ಮ್ಯೂಟ್ ತೆಗೆದ. ಇಪ್ಪತ್ತರಲ್ಲಿ ಹನ್ನೊಂದು. ನಾಣ್ಯ ಚಿಮ್ಮಿದ್ರೂ ಅಷ್ಟು ಬರ್ತಿತ್ತು.

ಇದು 448ಕ್ಕೂ 754ಕ್ಕೂ, ನನ್ನ ಕಿವಿಯಲ್ಲಿ, ನನ್ನ ಸ್ಪೀಕರಲ್ಲಿ. ಬಿಟ್ ಕಡಿಮೆ ಆದ್ರೆ ಗೊತ್ತೇ ಆಗುದಿಲ್ಲವಾ ಅಂತ ಇನ್ನೊಂದು ಕೆಲಸ ಮಾಡಿದೆ, ನಮ್ಮೂರ ಯಕ್ಷಗಾನ ಬಯಲಾಟದಲ್ಲಿ ನಾನೇ ರೆಕಾರ್ಡ್ ಮಾಡಿದ ಚೆಂಡೆ ಚಕ್ರತಾಳದ ಸ್ಟೀರಿಯೋ ಫೈಲನ್ನು ಎಫ್‌ಎಫ್‌ಎಂಪೆಗ್ ಅಂತ ಒಂದು ಸಾಫ್ಟ್‌ವೇರಲ್ಲಿ ಡಾಲ್ಬಿ ಡಿಜಿಟಲ್‌ಗೆ ತಿರುಗಿಸಿ 96ರಲ್ಲೂ 192ರಲ್ಲೂ ಹೆಡ್‌ಫೋನಲ್ಲಿ ಕೇಳಿದ್ದು. 96ರಲ್ಲಿ ಚಕ್ರತಾಳ ನೀರಲ್ಲಿ ಅದ್ದಿ ಹೊಡೆದ ಹಾಗೆ, ಚೆಂಡೆಯ ಪೆಟ್ಟಿಗೆ ಮೊದಲೇ ಒಂದು ಸಣ್ಣ ಉಸಿರು. 192ಕ್ಕೆ ಹೋದ್ರೆ ಒರಿಜಿನಲ್ ಯಾವುದು ಅಂತ ಹೇಳ್ಲಿಕ್ಕೆ ಆಗ್ಲಿಲ್ಲ. ತೆಂಕುತಿಟ್ಟಿನ ಚೆಂಡೆಯಷ್ಟು ಕಠಿಣ ಪರೀಕ್ಷೆ ಯಾವ ಡೆಮೋ ಡಿಸ್ಕಲ್ಲೂ ನನಗೆ ಸಿಕ್ಕಿಲ್ಲ, ಇದು ಊರಿನ ಅಭಿಮಾನ ಅಂತ ಇಟ್ಕೊಳ್ಳಿ.

ಒಂದು ಡಿಸ್ಕಲ್ಲಿ ಮಾತ್ರ ಸಮ ಮಾಡಿದ ಮೇಲೂ ಹಿಂದಿನ ಸ್ಪೀಕರ್ ಸ್ಪಷ್ಟ ಬೇರೆ ಕೇಳ್ತದೆ. ಹಿಂದಿನ ಚಾನೆಲ್ ಮಾತ್ರ ಏರಿದ್ದು, ಅದು ಮಿಕ್ಸೇ ಬೇರೆ ಇರ್ಬೇಕು, ಆ ಪುಣ್ಯ ಫಾರ್ಮ್ಯಾಟಿಗೆ ಕಟ್ಟಲಿಕ್ಕಾಗುದಿಲ್ಲ. ಈಗ ಯಾವ ಟ್ರ್ಯಾಕ್ ಇದ್ರೂ ಸೈ, ಡಾಲ್ಬಿಗೆ ನಾಲ್ಕು ಸ್ಟೆಪ್ ಏರಿಸಿ ಕೂರ್ತೇನೆ.

ಮೊನ್ನೆ ಭಾವ ಬಂದಿದ್ರು, ಪುನಃ ಡೆಮೋ ಬೇಕಂತೆ. ಡಾಲ್ಬಿಯನ್ನೇ ನಾಲ್ಕು ಏರಿಸಿ ಹಾಕಿದೆ. "ಡಿಟಿಎಸ್ ಅಂದ್ರೆ ಡಿಟಿಎಸ್ಸೇ ಭಾವ" ಅಂದ್ರು. ನಾನು ಚಾ ತರ್ಲಿಕ್ಕೆ ಒಳಗೆ ಹೋದೆ.