ಸಣ್ಣ ದೋಣಿ ಮತ್ತು ಟ್ರೇಲರಿಗೆ ತುರ್ತು ರಿಪೇರಿ ಪೆಟ್ಟಿಗೆ

ಒಂದಲ್ಲ, ಎರಡು ಪೆಟ್ಟಿಗೆ ಬೇಕು. ಟ್ರೇಲರಿನದು ಕಾರಿನಲ್ಲಿರಲಿ, ದೋಣಿಯದು ದೋಣಿಯಲ್ಲೇ ಇರಲಿ.

ದಾರಿಯಲ್ಲಿ ಕೈಕೊಡುವುದು ಹೆಚ್ಚಾಗಿ ಚಕ್ರದ ಬೇರಿಂಗ್. ಓಡಿ ಬಿಸಿಯಾದ ಹಬ್ (ಬೇರಿಂಗ್ ಕೂರುವ ಚಕ್ರದ ನಡುಭಾಗ) ದೋಣಿ ಇಳಿಸುವಾಗ ತಣ್ಣೀರಿನಲ್ಲಿ ಮುಳುಗಿದರೆ ಒಳಗಿನ ಗಾಳಿ ಕುಗ್ಗಿ, ಸವೆದ ಸೀಲಿನ ಸಂದಿಯಿಂದ ನೀರು ಎಳೆದುಕೊಳ್ಳುತ್ತದೆ. ಗ್ರೀಸ್ ಹಾಲಿನ ಬಣ್ಣಕ್ಕೆ ತಿರುಗಿದ್ದರೆ ನೀರು ಹೊಕ್ಕಿದೆ ಎಂದೇ ಲೆಕ್ಕ. ರಸ್ತೆ ಬದಿಯಲ್ಲಿ ಬೇರಿಂಗ್ ಕಪ್ (ಬೇರಿಂಗಿನ ಹೊರಬಳೆ) ಬಡಿದು ಕೂರಿಸುವುದು ಆಗದ ಮಾತು. ಬೇರಿಂಗ್, ಸೀಲ್ ಹಾಕಿ ಮೆರೀನ್ ಗ್ರೀಸ್ ತುಂಬಿದ ಇಡೀ ಹಬ್ ಒಂದನ್ನು ಪ್ಲಾಸ್ಟಿಕ್ಕಿನಲ್ಲಿ ಸುತ್ತಿಡಿ. ಜೊತೆಗೆ ಹಬ್ಬಿನ ನಟ್ ಕಳಚದಂತೆ ತಡೆಯುವ ಹೊಸ ಸ್ಪ್ಲಿಟ್ ಪಿನ್ ಎರಡು, ಇಕ್ಕಳ, ಸ್ಟೆಪ್ನಿ. ಕಾರಿನ ಸ್ಪ್ಯಾನರ್ ಟ್ರೇಲರಿನ ನಟ್ಟಿಗೆ ಕೂರದಿರಬಹುದು. ಟಯರ್ ಪೂರ್ತಿ ಇಳಿದಾಗ ಜಾಕ್ ಅಡಿಗೆ ತೂರದಿರಬಹುದು. ಹೊರಡುವ ಮುನ್ನವೇ ಒಮ್ಮೆ ಗಾಳಿ ಬಿಟ್ಟು ನೋಡಿ.

ದೋಣಿಯ ಪೆಟ್ಟಿಗೆಗೆ ಮೊದಲು ಬೀಳಬೇಕಾದದ್ದು ತಳದ ನೀರು ಬಿಡುವ ತೂತಿನ ಬಿರಡೆ, ಹೆಚ್ಚುವರಿಯಾಗಿ ಒಂದು. ಕಳೆದುಹೋಗುವುದರಲ್ಲಿ ಅದಕ್ಕೆ ಸಾಟಿಯಿಲ್ಲ. ಎಂಜಿನ್ನಿಗೆ ಸ್ಪಾರ್ಕ್ ಪ್ಲಗ್, ಪ್ಲಗ್ ಸ್ಪ್ಯಾನರ್, ಇಂಧನ ಫಿಲ್ಟರ್, ಮೂಲದಷ್ಟೇ ಆಂಪಿಯರಿನ ಫ್ಯೂಸ್‌ಗಳು. ಪ್ರೊಪೆಲ್ಲರಿಗೆ ಶಿಯರ್ ಪಿನ್ ಇದ್ದರೆ ಅಂಥವು ಮೂರು. ಅದರ ಬದಲು ಮೊಳೆ ತುರುಕಬೇಡಿ: ಬಂಡೆಗೆ ಬಡಿದಾಗ ತಾನು ತುಂಡಾಗಿ ಗೇರ್ ಉಳಿಸುವುದೇ ಆ ಪಿನ್ನಿನ ಕೆಲಸ. ಗಟ್ಟಿ ಮೊಳೆ ಉಳಿಯುತ್ತದೆ, ಗೇರ್ ಹೋಗುತ್ತದೆ.

ತೂತು ಮುಚ್ಚಲು ಮೆತ್ತನೆ ಮರದ ಮೊನಚು ಬೆಣೆ ಮೂರ್ನಾಲ್ಕು, ನೀರಿನಡಿಯಲ್ಲೂ ಗಟ್ಟಿಯಾಗುವ ಎಪಾಕ್ಸಿ ಪುಟ್ಟಿ. ನೀರಿನ ಪೈಪ್ ಒಡೆದರೆ ತನಗೆ ತಾನೇ ಅಂಟುವ ರಬ್ಬರ್ ಟೇಪನ್ನು ಚೆನ್ನಾಗಿ ಎಳೆದು, ಅರ್ಧರ್ಧ ಮೇಲೆ ಬರುವಂತೆ ಸುತ್ತಿ. ಎಳೆಯದಿದ್ದರೆ ಹಿಡಿಯುವುದಿಲ್ಲ. ಪೆಟ್ರೋಲ್ ಪೈಪಿಗೆ ಇದು ಬೇಡ, ಪೈಪನ್ನೇ ಬದಲಿಸಿ.